ಕೇತಮ್ಮನ ಕಲ್ಲು

ಹೊಳೆ ದಂಡೆಯ ಮೇಲೆ, ಹಳೇ ಸೇತುವೆ ಪಕ್ಕದಲ್ಲಿ, ಹುಸೇನಿ ಉಸ್ತಾದರ ಗ್ಯಾರೇಜು. ಎದುರಿಗೇ ಬೆಟ್ಟ. ಬೆಟ್ಟ ಹತ್ತುವ ಗಾಡಿ ಯಾವುದೇ ಇರಲಿ, ಉಸ್ತಾದರ ಬಾಗಿಲು ದಾಟಿಯೇ ಹೋಗಬೇಕು.

ಕಾರಿನ ಕೆಲಸ ಕಲಿಸುವ ಗುರುವನ್ನು ನಮ್ಮ ಕಡೆ ಉಸ್ತಾದ್ ಅನ್ನುತ್ತಾರೆ. ಬೇರೆ ಗುರುಗಳು ಬೈದರೆ ತಲೆ ತಗ್ಗಿಸಿದರೆ ಸಾಕು. ಉಸ್ತಾದ್ ಬೈಯುವಾಗ ಕೈಯಲ್ಲಿ ಸ್ಪ್ಯಾನರ್ ಇರುತ್ತೆ, ಸ್ವಲ್ಪ ದೂರ ನಿಂತುಕೊಂಡು ತಲೆ ತಗ್ಗಿಸಬೇಕು.

ಆದರೆ ಹುಸೇನಿ ಉಸ್ತಾದರು ಬೈಯುತ್ತಿರಲಿಲ್ಲ. ಸುಮ್ಮನಾಗಿಬಿಡುತ್ತಿದ್ದರು. ಶಿಷ್ಯರಿಗೆ ಭಯ ಇದ್ದದ್ದು ಅದಕ್ಕೇ.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ. ಗಾಡಿಗೆ ಯಾರು ಕೈ ಹಾಕಿದರೋ ಅವರು ಅದರ ಮೊದಲ ಸವಾರಿಗೆ ಹೋಗಬೇಕು. ಹೋಗಿ ಹಿಂದಿನ ಸೀಟಿನಲ್ಲಿ ಕೂರಬೇಕು.

ಶಿವಮಲ್ಲು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದ. "ಹಿಂದೆ ಯಾಕೆ ಉಸ್ತಾದ್? ಮುಂದೆ ಕೂತ್ರೆ ಇಂಜಿನ್ ಸದ್ದು ಚೆನ್ನಾಗಿ ಕೇಳ್ಸುತ್ತಲ್ವಾ?"

"ಸ್ಟೇರಿಂಗ್ ಹಿಡಿದೋನಿಗೆ ಕೈ ಇರುತ್ತೆ. ಪಕ್ಕ ಕೂತೋನಿಗೆ ಕಣ್ಣಿರುತ್ತೆ. ಹಿಂದೆ ಕೂತೋನಿಗೆ ಏನಿರುತ್ತೆ?"

"ಏನಿರುತ್ತೆ?"

"ಕೂತು ನೋಡು."

ಕೂತ. ಎಷ್ಟೋ ಸಲ ಕೂತ. ಏನೂ ಗೊತ್ತಾಗಲಿಲ್ಲ. ಉಸ್ತಾದರ ಕೈಯಾಡಿದ ಗಾಡಿಯಲ್ಲಿ ಹಿಂದೆ ಕೂತರೆ ತಂಗಾಳಿಗೆ ನಿದ್ದೆ ಬರುತ್ತಿತ್ತು, ಅಷ್ಟೇ.

ಹೀಗಿರುವಾಗ ಜಯಶೀಲ ಟೀಚರ್ ತಮ್ಮ ಬಿಳಿ ಕಾರು ತಂದು ನಿಲ್ಲಿಸಿದರು.

ಜಯಶೀಲ ಟೀಚರ್ ಹೊಳೆ ಈಚೆಗಿನ ಹಾಸ್ಟೆಲ್ ನೋಡಿಕೊಳ್ಳುವವರು. ಅಲ್ಲಿರುವುದು ಬೆಟ್ಟದ ಮೇಲಿನ ಗಿರಿಜನರ ಹಾಡಿಯ ಮಕ್ಕಳು. ರಜೆ ಬಂದರೆ ಟೀಚರೇ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಮೇಲೆ ಬಿಟ್ಟು ಬರುವುದು, ರಜೆ ಮುಗಿದರೆ ಹೋಗಿ ಕರೆತರುವುದು. ಹಿಂದೆ ಎರಡು ಸಾಲು ಸೀಟಿನ ಉದ್ದನೆ ಕಾರು ಅದು. ಹಳೇದು, ಆದರೆ ಮನೆಮಗಳ ಹಾಗೆ ನೋಡಿಕೊಂಡಿದ್ದರು.

"ದೀಪ ಊದಿ ಆರಿಸಿದ ಹಾಗೆ ಆಯ್ತು ಉಸ್ತಾದ್ರೇ," ಅಂದರು. "ಮೊನ್ನೆ ಮಕ್ಕಳನ್ನ ರಜೆಗೆ ಬಿಡೋಕೆ ಬೆಟ್ಟದ ಆನೆತಿರುವಲ್ಲಿ ಹತ್ತುತಾ ಇದ್ದೀನಿ, ಇಂಜಿನ್ ನಿಂತೇ ಹೋಯ್ತು. ಬ್ರೇಕ್ ತುಳಿದ್ರೆ ಇಳಿಯಲ್ಲ. ಸ್ಟೇರಿಂಗ್ ತಿರುಗಲ್ಲ. ಗಾಡಿ ಹಿಂದಕ್ಕೆ ಜಾರ್ತಿದೆ, ಹಿಂದೆ ನೋಡಿದ್ರೆ ಕಮರಿ. ಮಕ್ಕಳೆಲ್ಲ ಕಿರುಚ್ತಿದ್ದಾರೆ. ಹೆಂಗೋ ಹ್ಯಾಂಡ್‌ಬ್ರೇಕ್ ಎಳೆದೆ, ನಿಂತ್ಕೊಳ್ತು. ಮಕ್ಕಳೇ ಇಳಿದು ಚಕ್ರಕ್ಕೆ ಕಲ್ಲು ಕೊಟ್ರು."

"ಆಮೇಲೆ?"

"ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತು. ಸ್ಟೇರಿಂಗ್ ಮುಂದಿನ ಇಂಜಿನ್ ದೀಪ ಮಾತ್ರ ಅವತ್ತಿಂದ ಉರೀತಾನೇ ಇದೆ. ನಂಗೆ ರಾತ್ರಿ ನಿದ್ದೆ ಇಲ್ಲ. ನಾಳಿದ್ದು ಶುಕ್ರವಾರ ಮಕ್ಕಳನ್ನ ಕೆಳಗೆ ಕರ್ಕೊಂಡು ಬರಬೇಕು."

ಉಸ್ತಾದರು ಬಾನೆಟ್ಟನ್ನು ಮುಟ್ಟಲಿಲ್ಲ. ಶಿವಮಲ್ಲುವಿನ ಕಡೆ ತಿರುಗಿದರು.

"ಮಲ್ಲು, ಈ ಗಾಡಿ ನಿಂದು. ನಾನು ಕೈ ಹಾಕಲ್ಲ."

ಈ ಮಾತಿಗಾಗಿ ಶಿವಮಲ್ಲು ವರ್ಷಗಟ್ಟಲೆ ಕಾದಿದ್ದ. ಬಂದಾಗ ಮಾತ್ರ ಕೈಯನ್ನು ಎರಡೆರಡು ಸಲ ಒರೆಸಿಕೊಂಡ.

ಗಾಡಿಯೊಳಗೆ ಒಂದು ಕಂಪ್ಯೂಟರ್ ಇರುತ್ತೆ. ಎಲ್ಲಾದರೂ ತಪ್ಪು ಕಂಡರೆ ಅದು ಒಂದು ಕೋಡ್ ಬರೆದಿಟ್ಟುಕೊಂಡು ದೀಪ ಹಚ್ಚುತ್ತೆ. ಸ್ಕ್ಯಾನರ್ ಚುಚ್ಚಿದರೆ ಕೋಡ್ ಓದಬಹುದು. ತಪ್ಪಾದ ಗಳಿಗೆಯಲ್ಲಿ ಇಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಭಾರ ಎಳೆಯುತ್ತಿತ್ತು, ಎಷ್ಟು ವೇಗದಲ್ಲಿತ್ತು ಅನ್ನುವುದನ್ನೂ ಅದು ಹಿಡಿದಿಟ್ಟಿರುತ್ತೆ. ಅಳಿಸುವ ಗುಂಡಿಯೂ ಆ ಸ್ಕ್ಯಾನರಿನಲ್ಲೇ ಇದೆ. ಒತ್ತಿದರೆ ಕೋಡೂ ಹೋಯಿತು, ದೀಪವೂ ಆರಿತು, ಆ ಗಳಿಗೆಯ ಗುರುತೂ ಹೋಯಿತು.

ಶಿವಮಲ್ಲು ಸ್ಕ್ಯಾನರ್ ಚುಚ್ಚಿದ. ಇಂಜಿನ್ನಿನ ಸುತ್ತು ಎಣಿಸುವ ಸೆನ್ಸರಿನ ಕೋಡು. ಓದಿದವನಿಗೆ ಖುಷಿಯೋ ಖುಷಿ. ಮಿಕ್ಕ ಅಂಕಿಗಳನ್ನು ನೋಡುವ ತಾಳ್ಮೆ ಎಲ್ಲಿ? ಹೊಸ ಸೆನ್ಸರ್ ತರಿಸಿ ಹಾಕಿದ, ಕೋಡ್ ಅಳಿಸಿದ, ಸೇತುವೆ ಕಡೆ ಓಡಿಸಿಕೊಂಡು ಹೋದ.

ಸೇತುವೆಯ ಏರು ಹತ್ತುವಾಗ ದೀಪ ಹತ್ತಿಕೊಂಡಿತು.

ವಾಪಸ್ ಬಂದ. ಸೆನ್ಸರಿನ ವೈರಿನ ಪ್ಲಗ್ಗು ಬಿಚ್ಚಿ ಒರೆಸಿ ಮತ್ತೆ ಹಾಕಿದ. ಅಳಿಸಿದ. ಮತ್ತೆ ಸೇತುವೆ, ಮತ್ತೆ ಅದೇ ಏರು, ಮತ್ತೆ ದೀಪ.

ಅಷ್ಟರಲ್ಲಿ ಶುಕ್ರವಾರ ಬಂದಿತ್ತು. ಉಸ್ತಾದರು ನಮಾಜಿಗೆ ಹೋಗಿದ್ದರು. ಜಯಶೀಲ ಟೀಚರ್ ಬಂದು ಬಾಗಿಲಲ್ಲಿ ನಿಂತರು.

"ಆಯ್ತೇನಪ್ಪಾ ಮಲ್ಲು? ಮಕ್ಕಳು ಮೇಲೆ ಕಾಯ್ತಿವೆ."

ಗೊತ್ತಾಗ್ತಿಲ್ಲ ಟೀಚರ್ ಅನ್ನಬೇಕು. ಒಂದೇ ಮಾತು. ಅದನ್ನು ಬಿಟ್ಟು ಸ್ಕ್ಯಾನರ್ ಎತ್ತಿಕೊಂಡ.

ಹಿಂದೊಮ್ಮೆ ಒಬ್ಬ ಶಿಷ್ಯ ಇದ್ದ. ಕೆಲಸ ಮಾಡದೆ ಮಾಡಿದೆ ಅಂದಿದ್ದ. ಉಸ್ತಾದರು ಒಂದು ಮಾತೂ ಆಡದೆ, ಅವನು ಬಳಸುತ್ತಿದ್ದ ಸ್ಪ್ಯಾನರನ್ನು ಒರೆಸಿ, ಅವನ ಕೈಗಿಟ್ಟು, ಬಾಗಿಲ ಕಡೆ ನೋಡಿದ್ದರು. ಆ ನೋಟ ಶಿವಮಲ್ಲುವಿಗೆ ನೆನಪಿತ್ತು. ಗೊತ್ತಾಗಲಿಲ್ಲ ಅಂದವನಿಗೂ ಅದೇ ಗತಿಯಾದರೆ? ಮೊದಲನೇ ಗಾಡಿಗೇ ಮುಗ್ಗರಿಸಿದ ಅಂತ ಉಸ್ತಾದರು ಸುಮ್ಮನಾಗಿಬಿಟ್ಟರೆ?

ಅಳಿಸುವ ಗುಂಡಿ ಒತ್ತಿದ. ದೀಪ ಆರಿತು.

"ಆಯ್ತು ಟೀಚರ್," ಅಂದ.

ಟೀಚರ್ ಎದೆ ಮೇಲೆ ಕೈ ಇಟ್ಟುಕೊಂಡು ಉಸ್ಸಪ್ಪಾ ಅಂದರು.

ಉಸ್ತಾದರು ಬಂದರು. ಟೋಪಿ ತೆಗೆದು ಜೇಬಿಗಿಟ್ಟುಕೊಂಡರು.

"ಏನಿತ್ತು?"

"ಸೆನ್ಸರ್ ಹೋಗಿತ್ತು ಉಸ್ತಾದ್. ಹೊಸದು ಹಾಕ್ದೆ."

"ಓಡಿಸಿ ನೋಡಿದ್ಯಾ?"

"ನೋಡ್ದೆ. ಸೇತುವೆ ತನಕ. ದೀಪ ಬರ್ಲಿಲ್ಲ."

ಉಸ್ತಾದರು ಸ್ಕ್ಯಾನರ್ ಎತ್ತಿಕೊಂಡು ಒಂದು ಪುಟ ನೋಡಿದರು. ಅದನ್ನು ಕಾರಿನೊಳಗೇ ಇಟ್ಟರು.

"ಟೀಚರಮ್ಮ, ಇವತ್ತು ಮೇಲಕ್ಕೆ ನಾನು ಓಡಿಸ್ತೀನಿ. ನೀವು ಬಸ್ಸಲ್ಲಿ ಬಂದ್ರೆ ಒಳ್ಳೇದು."

"ಅಯ್ಯೋ, ನನ್ನ ಗಾಡಿ ಹೋಗ್ವಾಗ ನಾನು ಬಸ್ಸಲ್ಲಾ? ಪಕ್ಕದಲ್ಲಿ ಕೂತ್ಕೊತೀನಿ ಬಿಡಿ."

"ಹಾಗಾದ್ರೆ ಬೆಲ್ಟ್ ಹಾಕ್ಕೊಳ್ಳಿ," ಅಂದರು ಉಸ್ತಾದರು. ಆಮೇಲೆ ಶಿವಮಲ್ಲುವಿನ ಕಡೆ ನೋಡದೆಯೇ, "ಮಲ್ಲು, ಹಿಂದೆ."

ಸೇತುವೆ ದಾಟಿತು. ಆ ಏರಿನಲ್ಲಿ ಶಿವಮಲ್ಲು ಮುಂದಕ್ಕೆ ಬಗ್ಗಿ ಇಣುಕಿದ. ದೀಪ ಹತ್ತಲಿಲ್ಲ.

ಬೆಟ್ಟದ ದಾರಿ ಶುರುವಾಯಿತು. ಒಂದು ಕಡೆ ಬಂಡೆ, ಒಂದು ಕಡೆ ಏನೂ ಇಲ್ಲ. ಹಿಂದಿನ ಸೀಟಿನಲ್ಲಿ ಒರಗಿ ಕೂತರೆ ದೀಪ ಕಾಣದು. ಉಸ್ತಾದರ ಹೆಗಲು ಅಡ್ಡ. ಕಾಲಿಗೆ ಬ್ರೇಕ್ ಇಲ್ಲ, ಕೈಗೆ ಸ್ಟೇರಿಂಗ್ ಇಲ್ಲ. ಪ್ರತಿ ತಿರುವಿನಲ್ಲೂ ಮೈ ಆ ಕಡೆ ಜಾರುತ್ತಿತ್ತು, ಈ ಕಡೆ ಜಾರುತ್ತಿತ್ತು. ಇಂಜಿನ್ ಸದ್ದು ಒಂದು ಚೂರು ಬದಲಾದರೂ ಎದೆ ಧಸಕ್ ಅನ್ನುತ್ತಿತ್ತು.

ಟೀಚರ್ ಮಾತಾಡುತ್ತಲೇ ಇದ್ದರು. "ಈಗ ಎಷ್ಟು ನೆಮ್ಮದಿ ಗೊತ್ತಾ ಉಸ್ತಾದ್ರೇ? ಅವತ್ತು ಮೇಲೆ ಇಳಿದ ಮಕ್ಕಳು ಇನ್ನು ಈ ಗಾಡಿ ಹತ್ತೋಕೇ ಒಲ್ಲೆ ಅಂದಿದ್ವು."

ಉಸ್ತಾದರ ಎಡಗೈ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಗೇರ್ ಬದಲಿಸಲು ಒಂದು ಕ್ಷಣ ಎತ್ತಿದರೆ ಮರುಕ್ಷಣ ಮತ್ತೆ ಅಲ್ಲಿಗೇ. ಶಿವಮಲ್ಲು ಅದನ್ನು ನೋಡಿದ.

"ಉಸ್ತಾದ್, ಹ್ಯಾಂಡ್‌ಬ್ರೇಕ್ ಯಾಕೆ ಹಿಡ್ಕೊಂಡಿದೀರಿ?"

"ನೀನು ಸೀಟ್ ಯಾಕೆ ಹಿಡ್ಕೊಂಡಿದೀಯ?"

ಶಿವಮಲ್ಲು ಕೆಳಗೆ ನೋಡಿದ. ಎರಡೂ ಕೈ ಮುಂದಿನ ಸೀಟನ್ನು ಕಚ್ಚಿ ಹಿಡಿದಿದ್ದವು.

ಆನೆತಿರುವು ಬಂತು. ದಾರಿ ಎದ್ದು ನಿಂತ ಹಾಗಿತ್ತು. ಉಸ್ತಾದರು ಎರಡನೇ ಗೇರಿಗೆ ಇಳಿಸಿದರು. ಇಂಜಿನ್ ಗುರುಗುಟ್ಟುತ್ತಾ ಎಳೆಯಿತು. ಶಿವಮಲ್ಲು ಕಣ್ಣು ಮುಚ್ಚಿಕೊಂಡ. ಮಾದಪ್ಪಾ, ಮಾದಪ್ಪಾ, ಇದೊಂದು ಸಲ.

ತಿರುವು ದಾಟಿತು. ಏನೂ ಆಗಲಿಲ್ಲ.

"ಮಲ್ಲು, ಏನಾಯ್ತು?"

"ಏನೂ ಆಗ್ಲಿಲ್ಲ ಉಸ್ತಾದ್."

"ಅದೇ ನಂಗೆ ಭಯ," ಅಂದರು ಉಸ್ತಾದರು.

ಮೇಲೆ ಮುತ್ತುಗದ ಮರದ ಕೆಳಗೆ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ನಿಂತಿದ್ದರು. ಕಾರು ಕಂಡೊಡನೆ ಹೋ ಅಂದರು. ಉಸ್ತಾದರು ಇಳಿದು ಬಾನೆಟ್ ಎತ್ತಿ, ನೀರು ನೋಡುವವರ ಹಾಗೆ ಬಗ್ಗಿ, ಮತ್ತೆ ಮುಚ್ಚಿದರು. ಆಮೇಲೆ ಮರಕ್ಕೆ ಒರಗಿ ನಿಂತರು. ಬಲಗೈ ಮುಷ್ಟಿ ಕಟ್ಟಿಕೊಂಡೇ ಇತ್ತು.

"ಹತ್ತಿ, ಹತ್ತಿ, ಬೇಗ," ಅಂದರು ಟೀಚರ್. "ಬಿಸಿಲು ಇಳಿಯೋದ್ರೊಳಗೆ ಹಾಸ್ಟೆಲ್ ಸೇರ್ಬೇಕು."

ಮಕ್ಕಳು ನುಗ್ಗಿದರು. ಶಿವಮಲ್ಲು ಕೊನೇ ಸಾಲಿನ ಮೂಲೆಗೆ ಸರಿದ. ಪಕ್ಕಕ್ಕೆ ಒಬ್ಬಳು ಹುಡುಗಿ ಬಂದು ಕೂತಳು. ಎರಡು ಜಡೆ, ಮಡಿಲಲ್ಲಿ ಚೀಲ. ಚೀಲದ ಮೇಲೆ ಒಂದು ಕಲ್ಲು. ತೆಂಗಿನಕಾಯಿಯಷ್ಟು ದಪ್ಪ.

ನೋಡಿದರೆ ಎಲ್ಲರ ಮಡಿಲಲ್ಲೂ ಒಂದೊಂದು ಕಲ್ಲು.

"ಇದೇನಮ್ಮಾ?" ಅಂದ ಶಿವಮಲ್ಲು.

"ಚಕ್ರಕ್ಕೆ ಕೊಡೋಕೆ ಅಣ್ಣಾ. ಅವತ್ತು ನಿಂತೋದಾಗ ಕಲ್ಲು ಹುಡ್ಕೋಕೆ ಟೈಮೇ ಇರ್ಲಿಲ್ಲ. ಅದ್ಕೇ ಈಗ ಎಲ್ರೂ ತಂದಿದೀವಿ. ಇದು ಚೌಕ ಐತೆ, ಉರುಳಲ್ಲ. ನಾನೇ ಆರ್ಸಿದ್ದು."

"ನಿನ್ನ ಹೆಸರೇನು?"

"ಕೇತಮ್ಮ." ಅವಳು ಅವನ ಕೈಯ ಎಣ್ಣೆಮಸಿ ನೋಡಿದಳು. "ಗಾಡಿ ಸರಿ ಮಾಡಿದ್ದು ನೀವಾ ಅಣ್ಣಾ?"

ಶಿವಮಲ್ಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಸರಿ ಹೋಯ್ತಲ್ವಾ? ಟೀಚರ್ ಹೇಳಿದ್ರು. ಹಂಗಾದ್ರೆ ಕಲ್ಲು ಬೇಡ್ವಲ್ಲ?" ಅಂದಳು ಕೇತಮ್ಮ. ಭಾರಕ್ಕೆ ಅವಳ ತೊಡೆ ನೋಯುತ್ತಿತ್ತೋ ಏನೋ, ಕಲ್ಲನ್ನು ಎತ್ತಿ ಕಿಟಕಿಯ ಹತ್ತಿರ ಹಿಡಿದಳು. "ಬಿಸಾಕ್ಲಾ ಅಣ್ಣಾ?"

ಮುಂದೆ ಸ್ಟೇರಿಂಗ್ ಹಿಡಿಯಲು ಕೂತ ಟೀಚರ್ ಬೀಗದ ಕೈ ಹಾಕುತ್ತಿದ್ದರು. ಇಳಿಜಾರು ಗಾಜಿನ ಆಚೆ ಕಾಣುತ್ತಿತ್ತು.

ಶಿವಮಲ್ಲು ಹೂಂ ಅನ್ನುವುದನ್ನೇ ಆ ಹುಡುಗಿ ಕಾಯುತ್ತಿದ್ದಳು. ಅವನು ಹೂಂ ಅಂದರೆ ನಂಬಿ ಎಸೆದುಬಿಡುತ್ತಿದ್ದಳು.

"ಬೇಡ," ಅಂದ. ಅವನ ದನಿ ಅವನಿಗೇ ಕೇಳಲಿಲ್ಲ. "ಬೇಡ ಕಣಮ್ಮ. ಇಟ್ಕೋ." ಆಮೇಲೆ ಎದ್ದು ನಿಂತ, ತಲೆ ಮೇಲ್ಛಾವಣಿಗೆ ತಗುಲಿತು. "ಟೀಚರ್! ಸ್ಟಾರ್ಟ್ ಮಾಡ್ಬೇಡಿ. ಮಕ್ಕಳನ್ನ ಇಳಿಸಿ."

"ಯಾಕೋ? ಏನಾಯ್ತು?"

"ಗಾಡಿ ಸರಿ ಹೋಗಿಲ್ಲ. ನಂಗೆ ಏನು ಅಂತ ಗೊತ್ತಾಗ್ಲಿಲ್ಲ. ಸೆನ್ಸರ್ ಹಾಕಿದ ಮೇಲೂ ದೀಪ ಬಂತು. ಕೋಡ್ ಅಳಿಸ್ಬಿಟ್ಟೆ ಟೀಚರ್. ಅಳಿಸಿ ಆಯ್ತು ಅಂದೆ."

ಮಕ್ಕಳು ತಮ್ಮ ತಮ್ಮ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಟೀಚರ್ ಇಳಿದು ಹಿಂದಿನ ಬಾಗಿಲು ತೆಗೆದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ರಟ್ಟೆ ಹಿಡಿದು ಇಳಿಸಿದರು. ಕೊನೆಗೆ ಶಿವಮಲ್ಲು ಇಳಿದ.

"ನನ್ನ ಮುಖ ನೋಡಿ ಹೇಳಿದ್ಯಲ್ಲೋ! ಆಯ್ತು ಟೀಚರ್ ಅಂತ! ಈ ಮಕ್ಕಳನ್ನ ನಂಬಿ ಕಳ್ಸಿರೋ ತಾಯಂದ್ರಿಗೆ ನಾನೇನು ಹೇಳ್ಬೇಕಿತ್ತು?" ಅಂದರು. ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಶಿವಮಲ್ಲುವಿಗೆ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು.

ಸಂಜೆ ಬಸ್ಸು ಬಂತು. ಟೀಚರ್ ಮಕ್ಕಳನ್ನು ಹತ್ತಿಸಿದರು. ಕೇತಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ತಿರುಗಿ ಬಂದಳು.

"ನೀವು ಇದ್ರಲ್ಲೇ ಇಳೀತೀರಾ ಅಣ್ಣಾ?"

"ಹೂಂ."

"ಹಂಗಾದ್ರೆ ತಗೊಳ್ಳಿ." ಕಲ್ಲನ್ನು ಅವನ ಕೈಗಿಟ್ಟಳು. "ವಾಪಸ್ ಕೊಡ್ಬೇಕು ಮತ್ತೆ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಮರದ ಕೆಳಗೆ ಉಳಿದವರು ಇಬ್ಬರೇ. ಉಸ್ತಾದರು ಸುಮ್ಮನಿದ್ದರು. ಶಿವಮಲ್ಲು ಅವರ ಕೈ ನೋಡುತ್ತಿದ್ದ. ಒರೆಸಿದ ಸ್ಪ್ಯಾನರ್ ಯಾವಾಗ ಹೊರಗೆ ಬರುತ್ತೋ ಅಂತ.

ತಡೆಯಲಾಗದೆ ಅವನೇ ಕೇಳಿದ. "ನಿಮಗೆ ಮೊದ್ಲೇ ಗೊತ್ತಿತ್ತಾ ಉಸ್ತಾದ್?"

"ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅಂತ ಗಾಡಿ ಲೆಕ್ಕ ಇಡುತ್ತೆ. ಸೇತುವೆ ತನಕ ಓಡಿಸಿದೆ ಅಂದೆ. ಗಾಡಿ ಸೊನ್ನೆ ಅಂತು."

"ಗೊತ್ತಿದ್ದೂ ಮಕ್ಕಳನ್ನ ಹತ್ತೋಕೆ ಬಿಟ್ರಾ? ನಾನು ಬಾಯಿ ಬಿಡದೇ ಇದ್ದಿದ್ರೆ?"

ಉಸ್ತಾದರು ಮುಷ್ಟಿ ಬಿಚ್ಚಿದರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕರಿ ಡಬ್ಬಿ. ಇಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪಿನ ರಿಲೇ, ಅಂದರೆ ಅದಕ್ಕೆ ಕರೆಂಟು ಬಿಡುವ ಸ್ವಿಚ್ಚು. ಅದು ಜಾಗದಲ್ಲಿಲ್ಲದಿದ್ದರೆ ಎಷ್ಟು ತಿರುಗಿಸಿದರೂ ಇಂಜಿನ್ ಹತ್ತದು. ಬಾನೆಟ್ ಎತ್ತಿದಾಗಲೇ ಕಿತ್ತುಕೊಂಡಿದ್ದರು.

"ಮಕ್ಕಳು ಬಸ್ಸಲ್ಲೇ ಹೋಗ್ತಿದ್ವು," ಅಂದರು.

"ನಾನು?"

ಉಸ್ತಾದರು ರಿಲೇಯನ್ನು ಅದರ ಜಾಗಕ್ಕೆ ಒತ್ತಿ ಬಾನೆಟ್ ಮುಚ್ಚಿದರು.

"ಹತ್ತು."

"ಗ್ಯಾರೇಜಿಗಾ ಉಸ್ತಾದ್?"

"ಗ್ಯಾರೇಜಿಗೆ ಹೋಗಿ ಏನು ನೋಡ್ತೀಯ? ಅದು ಎಲ್ಲಿ ನೋಯ್ತು, ಯಾವಾಗ ನೋಯ್ತು ಅಂತ ಹೇಳಿತ್ತು. ನೀನು ಅಳಿಸಿದೆ. ಈಗ ಅದು ಮತ್ತೆ ಹೇಳ್ಬೇಕು. ಹೇಳೋ ತನಕ ಹತ್ತೋದು, ಇಳಿಯೋದು."

ಶಿವಮಲ್ಲುವಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಅಂದ್ರೆ ಇಂಜಿನ್ ನಿಲ್ಲೋ ತನಕಾನಾ?"

"ಹಿಂದೆ ಕೂತ್ಕೋ. ಸ್ಕ್ಯಾನರ್ ತಗೋ. ಕಲ್ಲು ಮರೀಬೇಡ."

ಇಳಿದರು. ಇಂಜಿನ್ ನಿಲ್ಲಲಿಲ್ಲ. ತಿರುಗಿಸಿಕೊಂಡು ಹತ್ತಿದರು. ನಿಲ್ಲಲಿಲ್ಲ. ಮತ್ತೆ ಇಳಿದರು.

ಮೊದಲು ಹತ್ತುವಾಗ ನಿಲ್ಲದಿರಲಿ ದೇವರೇ ಅಂದಿದ್ದ. ಈಗ ನಿಲ್ಲಲಿ ಅನ್ನಬೇಕು. ಅನ್ನಲು ನಾಲಿಗೆ ಏಳುತ್ತಿಲ್ಲ. ನಿಲ್ಲುತ್ತೆ ಅನ್ನುವುದು ಗೊತ್ತು, ಎಲ್ಲಿ ಅನ್ನುವುದು ಗೊತ್ತಿಲ್ಲ. ಕಿಟಕಿಯ ಪಕ್ಕದಲ್ಲೇ ಕಮರಿ ಬರುತ್ತಿತ್ತು, ಹೋಗುತ್ತಿತ್ತು. ಮಡಿಲಲ್ಲಿದ್ದ ಕಲ್ಲು ತಣ್ಣಗಿತ್ತು. ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡ. ಕೇತಮ್ಮನೂ ಹೀಗೇ ಅವುಚಿಕೊಂಡಿದ್ದಳು ಅನ್ನುವುದು ಆಗ ಹೊಳೆಯಿತು.

"ಉಸ್ತಾದ್."

"ಹೂಂ."

"ಹಿಂದೆ ಕೂತೋನಿಗೆ ಏನೂ ಇರಲ್ಲ."

"ಏನೂ ಇರಲ್ವಾ?"

ಶಿವಮಲ್ಲು ಮಡಿಲಿನ ಕಲ್ಲು ನೋಡಿದ. "ನಾವು ಇರ್ತೀವಿ. ಅಷ್ಟೇ."

ಉಸ್ತಾದರು ಕನ್ನಡಿಯಲ್ಲಿ ಅವನನ್ನೊಮ್ಮೆ ನೋಡಿದರು. ಎರಡನೇ ಗೇರಿಗೆ ಇಳಿಸಿದರು. ಆನೆತಿರುವು.

ಇಂಜಿನ್ ನಿಂತಿತು.

ಸದ್ದೇ ಇಲ್ಲ. ಮುಂದಕ್ಕೆ ಹೋಗುತ್ತಿದ್ದ ಕಾರು ಒಂದು ಕ್ಷಣ ಹಾಗೇ ನಿಂತ ಹಾಗಾಗಿ, ಮೆಲ್ಲಗೆ ಹಿಂದಕ್ಕೆ ಸರಿಯಿತು. ಶಿವಮಲ್ಲುವಿನ ಬಾಯಿಂದ ಅವ್ವಾ ಅಂತ ಬಂತು. ಉಸ್ತಾದರು ಹ್ಯಾಂಡ್‌ಬ್ರೇಕ್ ಎಳೆದರು, ಕಿರ್ರ್ ಅಂತು, ಕಾರು ಇನ್ನೂ ಒಂದು ಮೊಳ ಜಾರಿತು.

"ಮಲ್ಲು! ಕಲ್ಲು!"

ಬಾಗಿಲು ತೆಗೆದು ಹಾರಿದ. ಹಿಂದಿನ ಚಕ್ರದ ಹತ್ತಿರ ಮಂಡಿಯೂರಿ ಕಲ್ಲು ಕೊಟ್ಟ. ಚಕ್ರ ಬಂದು ಕಲ್ಲಿಗೆ ಒರಗಿತು. ಚೌಕ ಕಲ್ಲು. ಉರುಳಲಿಲ್ಲ.

ಶಿವಮಲ್ಲು ರಸ್ತೆಯಲ್ಲೇ ಕೂತುಬಿಟ್ಟ. ಕಣ್ಣಲ್ಲಿ ನೀರು ಧಾರಾಕಾರ.

"ಅತ್ತಿದ್ದು ಆದ್ಮೇಲೆ ಬಾ," ಅಂದರು ಉಸ್ತಾದರು ಒಳಗಿನಿಂದ. "ದೀಪ ಹತ್ತಿದೆ."

ಮೂಗು ಒರೆಸಿಕೊಂಡು ಹೋದ. ಸ್ಕ್ಯಾನರ್ ಚುಚ್ಚಿದ. ಅದೇ ಕೋಡ್.

"ಏನನ್ನುತ್ತೆ?"

"ಸೆನ್ಸರ್ ಹೋಗಿದೆ ಅಂತ."

"ಸರಿಯಾಗಿ ಓದು."

ಓದಿದ. "ಸೆನ್ಸರಿಂದ ಸುದ್ದಿ ಬರ್ತಿಲ್ಲ ಅಂತ."

"ಪಕ್ಕದ ಮನೆಯವನು ಕೂಗಿದ್ದು ನಿಂಗೆ ಕೇಳ್ಸಲಿಲ್ಲ. ಅವನು ಮೂಕನಾ?"

ಶಿವಮಲ್ಲು ಯೋಚಿಸಿದ. "ನಡುವೆ ಬಾಗಿಲು ಹಾಕಿರ್ಬಹುದು."

"ಯಾವಾಗ ಹಾಕ್ಕೊಳ್ಳುತ್ತೆ ಬಾಗಿಲು? ಮಿಕ್ಕಿದ್ದು ಓದು."

ಮೊದಲ ದಿನ ಓದದೆ ಬಿಟ್ಟಿದ್ದನ್ನು ಈಗ ಒಂದೊಂದೇ ಓದಿದ. ಇಂಜಿನ್ ಚೆನ್ನಾಗಿ ಕಾದಿದೆ. ವೇಗ ಕಮ್ಮಿ. ಎಳೆತ ಜಾಸ್ತಿ, ಬಹಳ ಜಾಸ್ತಿ. ಸೇತುವೆಯ ಏರಿನಲ್ಲೂ ಹಾಗೇ ಅಲ್ಲವೇ? ಸಮತಟ್ಟಿನಲ್ಲಿ ಒಂದು ಸಲವೂ ದೀಪ ಬಂದಿರಲಿಲ್ಲ.

"ಇಂಜಿನ್ ಜೋರಾಗಿ ಎಳೆಯುವಾಗ..." ಅಂದ. "ಎಳೆಯುವಾಗ ಇಂಜಿನ್ ವಾಲುತ್ತೆ ಉಸ್ತಾದ್!"

ಓಡಿ ಹೋಗಿ ಬಾನೆಟ್ ಎತ್ತಿದ. ಉಸ್ತಾದರು ಟಾರ್ಚ್ ಹಿಡಿದರು. ಗುರು ಟಾರ್ಚ್ ಹಿಡಿದು ಶಿಷ್ಯ ಬಗ್ಗಿದ್ದು ಆ ಗ್ಯಾರೇಜಿನ ಚರಿತ್ರೆಯಲ್ಲಿ ಅದೇ ಮೊದಲು. ಇಂಜಿನ್ ಕೂರುವ ರಬ್ಬರು ಹರಿದು ಬಾಯಿ ಬಿಟ್ಟಿತ್ತು. ಎಳೆತಕ್ಕೆ ಇಂಜಿನ್ ವಾಲಿದಾಗಲೆಲ್ಲ ಸೆನ್ಸರಿನ ವೈರು ಪಕ್ಕದ ಕಬ್ಬಿಣದ ಪಟ್ಟಿಗೆ ಉಜ್ಜುತ್ತಿತ್ತು. ಬೆರಳಿನಲ್ಲಿ ತಡವಿದ. ಒಂದು ಕಡೆ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಂಡಿತು. ಕೂದಲಿನ ಅಗಲದಷ್ಟು.

"ಇಷ್ಟೇನಾ," ಅಂದ ಶಿವಮಲ್ಲು. ಅವನಿಗೆ ಮತ್ತೆ ಅಳು ಬಂತು.

ವೈರಿಗೆ ಟೇಪು ಸುತ್ತಿ, ಪಟ್ಟಿಯಿಂದ ದೂರ ಎಳೆದು ಕಟ್ಟಿದ. ಮೆಲ್ಲಗೆ ಇಳಿದು ಬಂದರು. ಮಾರನೇ ದಿನ ಹೊಸ ರಬ್ಬರು ಬಂತು. ವೈರನ್ನು ಬೇರೆ ದಾರಿಯಲ್ಲಿ ಎಳೆದ. ಕಲ್ಲನ್ನು ತೊಳೆದು ಹಾಸ್ಟೆಲ್ಲಿಗೆ ಹೋಗಿ ಕೇತಮ್ಮನಿಗೆ ಕೊಟ್ಟು ಬಂದ. ಟೀಚರ್ ಬಾಗಿಲಲ್ಲೇ ಇದ್ದರು, ಮಾತಾಡಿಸಲಿಲ್ಲ. ಅದೂ ನ್ಯಾಯವೇ.

ಆಮೇಲೆ ಬಿಡುವಾದಾಗಲೆಲ್ಲ ಬೆಟ್ಟ ಹತ್ತಿ ಇಳಿದರು. ಉಸ್ತಾದರು ಮುಂದೆ, ಅವನು ಹಿಂದೆ. ಆನೆತಿರುವಿನಲ್ಲಿ ಬೇಕೆಂದೇ ನಿಲ್ಲಿಸಿ ಮತ್ತೆ ಎಳೆಸಿದರು. ಇಂಜಿನ್ ನಿಲ್ಲಲಿಲ್ಲ. ದೀಪ ತಾನಾಗಿಯೇ ಆರಿತು. ಕೋಡ್ ಮಾತ್ರ ಒಳಗೆ ಉಳಿದೇ ಇತ್ತು. ಗಾಡಿ ಅಷ್ಟು ಬೇಗ ಮರೆಯುವುದಿಲ್ಲ.

ಅದನ್ನು ಅಳಿಸು ಅಂತ ಉಸ್ತಾದರು ಹೇಳಲಿಲ್ಲ. ಶಿವಮಲ್ಲುವಿಗೆ ಕೇಳುವ ಧೈರ್ಯ ಬರಲಿಲ್ಲ.

ಮುಂದಿನ ರಜೆ ಬಂತು. ಬೆಳಿಗ್ಗೆ ಬಿಳಿ ಕಾರು ಗ್ಯಾರೇಜಿನ ಮುಂದೆ ತೊಳೆಸಿಕೊಂಡು ನಿಂತಿತ್ತು. ಜಯಶೀಲ ಟೀಚರ್ ಮಕ್ಕಳನ್ನು ಕರೆದುಕೊಂಡು ನಡೆದು ಬಂದರು. ಸಾಲಾಗಿ ನಿಂತ ಮಕ್ಕಳ ಕೈಯಲ್ಲಿ ಒಂದೊಂದು ಕಲ್ಲು. ಮುಂದೆ ಕೇತಮ್ಮ, ಅದೇ ಚೌಕ ಕಲ್ಲು ಹಿಡಿದು. ಹತ್ತಲೋ ಬೇಡವೋ ಅನ್ನುವ ಹಾಗೆ ಕಾರನ್ನೇ ನೋಡುತ್ತಿದ್ದಳು.

"ಏನಾಗಿತ್ತು, ಏನು ಮಾಡ್ದೆ, ಮೊದಲು ನಂಗೆ ತೋರ್ಸು," ಅಂದರು ಟೀಚರ್.

ಶಿವಮಲ್ಲು ಬಾನೆಟ್ ಎತ್ತಿದ. ಟೀಚರಿಗೆ ತೋರಿಸಿದ, ಮಕ್ಕಳಿಗೂ ತೋರಿಸಿದ. ಹರಿದ ರಬ್ಬರು, ಸವೆದ ವೈರಿನ ತುಂಡು, ಎಲ್ಲವನ್ನೂ ಕೈಗೆ ಕೊಟ್ಟ. ಏನನ್ನೂ ಬಿಡದೆ ಹೇಳಿದ, ತಾನು ಅಳಿಸಿದ್ದನ್ನೂ ಸೇರಿಸಿ. ಆಮೇಲೆ ಸ್ಕ್ಯಾನರ್ ಚುಚ್ಚಿದ. ಹಳೇ ಕೋಡ್ ಕಂಡಿತು. ಅಳಿಸುವ ಗುಂಡಿಯ ಮೇಲೆ ಬೆರಳು ಇಟ್ಟ.

ಒತ್ತಲಾಗಲಿಲ್ಲ.

"ಉಸ್ತಾದ್," ಅಂದ. "ಅಳಿಸ್ಲಾ?"

ಉಸ್ತಾದರು ಹೊಳೆಯ ಕಡೆ ನೋಡುತ್ತಾ ಟೀ ಕುಡಿಯುತ್ತಿದ್ದರು.

"ನನ್ನ ಯಾಕೆ ಕೇಳ್ತೀಯ?" ಅಂದರು. "ಕಲ್ಲು ಹಿಡ್ಕೊಂಡು ನಿಂತಿದ್ದಾಳಲ್ಲ, ಅವಳನ್ನ ಕೇಳು."